ಕದಿರು ಕಟ್ಟಿದ ಪೆಟ್ಟಿಗೆ

ಹದಿಮೂರು ವರ್ಷ ನಾನು ಒಂದು ದೊಡ್ಡ ದೂರದರ್ಶಕದ ಕೆಲಸ ಮಾಡಿದೆ. ಅದರೊಳಗೆ ಒಮ್ಮೆಯೂ ಇಣುಕಿ ನೋಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈಗ ಈ ಕೆಲಸಕ್ಕೆ ಸೇರಿ ನನ್ನನ್ನು ಕಾಣಲು ಬರುವ ಹುಡುಗಿಯರು ಕಾಫಿ ಲೋಟ ಕೈಗೆ ತೆಗೆದುಕೊಳ್ಳುವ ಮೊದಲೇ ಕೇಳುವುದು, "ಆಂಟೀ, ನಿಮಗೆ ಶನಿಯ ಬಳೆ ಕಾಣ್ತಿತ್ತಾ?" ಎಂದು. ಇಲ್ಲ ಎಂದರೆ ಮುಖ ಸಣ್ಣದಾಗುತ್ತದೆ. ಕಾಫಿ ಅರ್ಧಕ್ಕೆ ನಿಲ್ಲುತ್ತದೆ.

ನಿಮ್ಮ ಕಾಲದಲ್ಲಿ ಹೇಗಿತ್ತು ಬರೆದುಕೊಡಿ ಎಂದು ಅವರೇ ಹೇಳಿದ್ದರಿಂದ ಬರೆಯುತ್ತಿದ್ದೇನೆ. ನನ್ನ ಕೆಲಸ ನಡೆದದ್ದು ಉಡುಪಿಯ ನಮ್ಮ ಮನೆಯ ಚಾವಡಿಯಲ್ಲಿ, ಬೆಳಿಗ್ಗೆ ಹತ್ತರಿಂದ ಒಂದರವರೆಗೆ, ಮತ್ತೆ ಊಟದ ಪಾತ್ರೆ ತೊಳೆದ ಮೇಲೆ ಎರಡೂವರೆಯಿಂದ ನಾಲ್ಕರವರೆಗೆ. ದೂರದರ್ಶಕ ಇದ್ದದ್ದು ಘಟ್ಟದ ಆಚೆ, ಬೇರೆ ರಾಜ್ಯದ ಒಂದು ಗುಡ್ಡದ ತಲೆಯಲ್ಲಿ. ನಮ್ಮಿಬ್ಬರ ನಡುವೆ ಇದ್ದದ್ದು ರಿಜಿಸ್ಟರ್ಡ್ ಪಾರ್ಸೆಲ್.

ದೊಡ್ಡ ದೂರದರ್ಶಕ ಎಂದರೆ ಕೊಳವೆಯಲ್ಲ, ಕನ್ನಡಿ. ನಮ್ಮದರ ಕನ್ನಡಿ ಮನೆಯ ಬಾವಿಯ ಬಾಯಿಗಿಂತ ಸ್ವಲ್ಪ ಕಡಿಮೆ ಅಗಲ ಎಂದು ಐತಾಳ ಸರ್ ಬಾವಿಕಟ್ಟೆಯ ಹತ್ತಿರ ನಿಂತು ಕೈ ಚಾಚಿ ತೋರಿಸಿದ್ದರು. ಅವರು ಊರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವರು, ನಮ್ಮ ಎರಡು ಮನೆ ಆಚೆಯವರು. ಅಷ್ಟು ದೊಡ್ಡದು ಯಾಕೆ ಎಂದು ನಾನು ಕೇಳಿದ್ದಕ್ಕೆ ಅಂಗಳ ನೋಡಿ ಎಂದರು. ಮಳೆ ಬಂದು ನಿಂತಿತ್ತು. ಅಂಗಳದಲ್ಲಿ ಅತ್ತೆ ಇಟ್ಟ ಹಂಡೆ, ಪಕ್ಕದಲ್ಲಿ ನಾನು ಮರೆತ ಒಂದು ಲೋಟ. ಎರಡರಲ್ಲಿ ಯಾವುದಕ್ಕೆ ಹೆಚ್ಚು ನೀರು ಸಿಕ್ಕಿತು? ಬೆಳಕೂ ಹಾಗೆಯೇ ಸುರಿಯುವುದು. ನಮ್ಮ ಕಣ್ಣಿನ ಪಾಪೆ ಲೋಟವೂ ಅಲ್ಲ, ಒಂದು ಮೆಣಸಿನ ಕಾಳು. ಅಷ್ಟೇ ಅಲ್ಲ, ಕಣ್ಣು ಬಂದ ಬೆಳಕನ್ನು ಆಗಾಗಲೇ ಚೆಲ್ಲಿಬಿಡುತ್ತದೆ. ದೂರದರ್ಶಕದ ಬುಡದಲ್ಲಿ ಇಡುವ ಗಾಜಿನ ಪ್ಲೇಟು ಗಂಟೆಗಟ್ಟಲೆ ಕೂಡಿಸಿಟ್ಟುಕೊಳ್ಳುತ್ತದೆ. ಆದ್ದರಿಂದ ಅಲ್ಲಿ ನೋಡುವುದು ಮನುಷ್ಯನಲ್ಲ, ಪ್ಲೇಟು. ಮನುಷ್ಯ ನೋಡುವುದು ಆಮೇಲೆ, ಪ್ಲೇಟನ್ನು. ಆ ಮನುಷ್ಯ ನಾನು.

ನನ್ನನ್ನು ಆರಿಸಿದ್ದು ಕುಚ್ಚಲಕ್ಕಿಯ ದೆಸೆಯಿಂದ. ನಮ್ಮ ಯಜಮಾನರು ತಂತಿ ಕಚೇರಿಯಲ್ಲಿ ಕೌಂಟರಿನಲ್ಲಿದ್ದರು. ಅವರಲ್ಲಿ ಏನೋ ವಿಚಾರಿಸಲು ಬಂದ ಐತಾಳ ಸರ್, ಜಗಲಿಯಲ್ಲಿ ಗೆರಸೆ ಹಿಡಿದು ಅಕ್ಕಿಯ ಕಲ್ಲು ಹೆಕ್ಕುತ್ತಿದ್ದ ನನ್ನನ್ನು ನೋಡುತ್ತಾ ಬಂದ ವಿಷಯ ಮರೆತರು. ಕಾಲೇಜಿನಲ್ಲಿ ಈ ಕೆಲಸಕ್ಕೆ ಕೂರಿಸಿದ ಹುಡುಗರು ಅರ್ಧ ಗಂಟೆಯಲ್ಲಿ ಆಕಳಿಸುತ್ತಿದ್ದರಂತೆ.

"ಕೆಂಪು ಅಕ್ಕಿಯಲ್ಲಿ ಕೆಂಪು ಕಲ್ಲು ನಿಮಗೆ ಹೇಗೆ ಕಾಣುವುದು?" ಎಂದು ಕೇಳಿದರು.

"ಕಲ್ಲನ್ನು ಹುಡುಕುವುದಿಲ್ಲ ಸರ್. ಅಕ್ಕಿಯನ್ನು ನೋಡುವುದು. ಕಲ್ಲು ತಾನಾಗಿ ಬರುತ್ತದೆ."

ಇದನ್ನು ಅವರು ಮುಂದೆ ಎಷ್ಟೋ ವರ್ಷ ಕ್ಲಾಸಿನಲ್ಲಿ ಹೇಳಿದರಂತೆ. ನಾನು ಹೇಳಿದ್ದು ಎಂದು ಮಾತ್ರ ಹೇಳಲಿಲ್ಲ. ಆದರೆ ಹುಡುಗಿಯರೇ, ಇದೊಂದು ಮಾತು ನೆನಪಿಡಿ. ಹೊಸದನ್ನು ಹುಡುಕುತ್ತಾ ಕುಳಿತರೆ ಎಲ್ಲವೂ ಹೊಸದಾಗಿಯೇ ಕಾಣುತ್ತದೆ.

ಪ್ಲೇಟು ಎಂದರೆ ಒಂದು ಬದಿಗೆ ಗೋಂದಿನ ಹಾಗೆ ಔಷಧ ಬಳಿದ ಗಾಜು. ಮೂಲ ಪ್ಲೇಟು ಗುಡ್ಡದಲ್ಲಿಯೇ ಇರುತ್ತಿತ್ತು, ನಮಗೆ ಬರುತ್ತಿದ್ದದ್ದು ಗಾಜಿನ ಮೇಲೆಯೇ ತೆಗೆದ ಪ್ರತಿ. ಅದರಲ್ಲಿ ಆಕಾಶ ಬಿಳಿ, ನಕ್ಷತ್ರಗಳು ಕಪ್ಪು. ಕೆಲವು ನಕ್ಷತ್ರಗುಚ್ಛಗಳು ನೆಲಕ್ಕೆ ಚೆಲ್ಲಿದ ರಾಗಿಯ ಹಾಗೆ, ನಡುವೆ ರಾಶಿ, ಬದಿಗೆ ವಿರಳ. ಗೆಲಾಕ್ಸಿಗಳು ಮಗುವಿನ ಕಾಡಿಗೆಯನ್ನು ಹೆಬ್ಬೆರಳಿನಿಂದ ಒರೆಸಿದ ಹಾಗೆ. ಕ್ಷುದ್ರಗ್ರಹ ಸಿಕ್ಕರೆ ಚುಕ್ಕೆಯಲ್ಲ, ಹುಬ್ಬಿನ ಒಂದು ಕೂದಲಿನಷ್ಟು ಗೆರೆ. ಪ್ಲೇಟು ಬೆಳಕು ಕೂಡಿಸುತ್ತಿರುವಾಗ ಅದು ನಡೆದುಬಿಟ್ಟಿರುತ್ತದೆ. ಆಕಾಶದ ಒಂದೇ ತುಂಡಿನ ಎರಡು ಪ್ಲೇಟು, ತಿಂಗಳುಗಳ ಅಂತರದಲ್ಲಿ ತೆಗೆದದ್ದು, ನನ್ನ ಮುಂದೆ ಇರುತ್ತಿದ್ದವು. ಯಾವುದು ಸರಿದಿದೆ, ಯಾವುದು ದಪ್ಪವಾಗಿದೆ, ಯಾವುದು ಹೊಸತು ಎಂದು ಹೇಳಬೇಕು. ಅಷ್ಟೇ ಕೆಲಸ.

ಮೊದಲ ವರ್ಷ ಕಣ್ಣು ನೋಯುತ್ತದೆ ಎಂದು ಮಣಿಪಾಲದಲ್ಲಿ ಒಬ್ಬ ಕಣ್ಣಿನ ಡಾಕ್ಟರರ ಬಳಿ ಹೋಗಿದ್ದೆ. ಎಂತ ಕಾಣುತ್ತದೆ ಎಂದು ಕೇಳಿದರು. ನಾನು ಇದ್ದದ್ದನ್ನು ಇದ್ದ ಹಾಗೆ, ಬಿಳಿ ಆಕಾಶದಲ್ಲಿ ಕಪ್ಪು ನಕ್ಷತ್ರ ಕಾಣುತ್ತದೆ ಎಂದೆ. ಅವರು ಪೆನ್ನು ಕೆಳಗಿಟ್ಟು, ನನ್ನನ್ನು ಬಿಟ್ಟು ಯಜಮಾನರೊಡನೆ ಮೆಲ್ಲಗೆ ಮಾತಾಡಲು ಸುರುಮಾಡಿದರು. ಮನೆಯಲ್ಲಿ ಹಿರಿಯರು ಯಾರಿದ್ದಾರೆ ಎಂದು ಕೇಳಿದ್ದು ನನಗೆ ಕೇಳಿಸಿತು. ಯಜಮಾನರು ನನ್ನ ಕೆಲಸವನ್ನು ವಿವರಿಸಲಿಕ್ಕೆ ಹೋಗಿ ಇನ್ನಷ್ಟು ಹಾಳು ಮಾಡಿದರು. ಕೊನೆಗೆ ಒಂದು ಕನ್ನಡಕ ಸಿಕ್ಕಿತು. ಅರ್ಧ ಗಂಟೆಗೊಮ್ಮೆ ಹಸಿರು ನೋಡಬೇಕು ಎಂದೂ ಹೇಳಿದರು. ಅಲ್ಲಿಂದ ಅರ್ಧ ಗಂಟೆಗೊಮ್ಮೆ ಬಸಳೆ ಚಪ್ಪರ ನೋಡುವುದು ನನ್ನ ಅಭ್ಯಾಸವಾಯಿತು. ಬಸಳೆಯೂ ಚೆನ್ನಾಗಿ ಬಂತು.

ಕೆಲಸದ ಯಂತ್ರವನ್ನು ಐತಾಳ ಸರ್ ಕಾಲೇಜಿನ ವರ್ಕ್‌ಶಾಪಿನಲ್ಲಿ ಮಾಡಿಸಿದ್ದರು. ಎರಡು ಪ್ಲೇಟು ಅಕ್ಕಪಕ್ಕ ಇಟ್ಟು, ಒಂದೇ ತೂತಿನಲ್ಲಿ ಕಣ್ಣಿಟ್ಟು, ಸನ್ನೆಕೋಲು ಎಳೆದರೆ ಒಂದು ಪ್ಲೇಟು, ಬಿಟ್ಟರೆ ಇನ್ನೊಂದು. ಬದಲಾದ ಚುಕ್ಕೆ ಮಾತ್ರ ಟಕ್ ಟಕ್ ಎಂದು ಮಿಟುಕುತ್ತದೆ, ಉಳಿದದ್ದೆಲ್ಲ ಸುಮ್ಮನಿರುತ್ತದೆ. ಸನ್ನೆಗೆ ಹಾಕಿದ್ದು ಕೊಡೆಯ ಹಿಡಿ. ಕಾಲೇಜಿನಲ್ಲಿ ಇದಕ್ಕೊಂದು ಕೋಣೆ ಕೊಡುತ್ತೇನೆಂದು ಪ್ರಿನ್ಸಿಪಾಲರು ಹೇಳುತ್ತಲೇ ಇದ್ದರು. ಆ ಕೋಣೆ ಬರುವವರೆಗೆ ಎಂದು ಯಂತ್ರ ನಮ್ಮ ಚಾವಡಿಗೆ ಬಂತು. ಪ್ಲೇಟಿನ ಪೆಟ್ಟಿಗೆಯೂ ಬಂತು. ಒಂದು ಪ್ಲೇಟಿಗೆ ಏನಾದರೂ ಆದರೆ ಎಲ್ಲ ವಾಪಸು ಎಂಬುದು ಪ್ರಿನ್ಸಿಪಾಲರ ಕರಾರು. ಡಿಗ್ರಿ ಇಲ್ಲದ ಮನೆವಾರ್ತೆಯವಳಿಗೆ ಗಾಜು ಕೊಟ್ಟದ್ದು ಅವರಿಗೆ ಮೊದಲಿಂದಲೂ ಸರಿ ಕಂಡಿರಲಿಲ್ಲ.

ರಸ್ತೆಯಲ್ಲಿ ಬಸ್ಸು ಹೋದರೆ ಯಂತ್ರ ನಡುಗಿ ಇಡೀ ಆಕಾಶ ಮಿಟುಕುತ್ತಿತ್ತು. ಅದಕ್ಕೆ ಒಂದು ಭಾರದ ಕಲ್ಲಿನ ಹಾಸು ಬೇಕೆಂದು ಕಾರ್ಕಳದ ಶಿಲ್ಪಿಯೊಬ್ಬರಿಗೆ ಹೇಳಿಸಿದರು. ಉದ್ದ, ಅಗಲ, ದಪ್ಪ ಎಲ್ಲ ಚೀಟಿಯಲ್ಲಿ ಇತ್ತು, ಯಾತಕ್ಕೆ ಎಂದು ಬರೆದಿರಲಿಲ್ಲ. ನಾಲ್ಕು ಜನ ಹೊತ್ತು ತಂದ ಕಲ್ಲು ಬಲು ಚಂದ ಇತ್ತು. ಸುತ್ತ ಒಂದು ಅಂಗುಲ ಬಿಟ್ಟು ತೋಡಿನ ಹಾಗೆ ಕೊರೆದು, ಒಂದು ಬದಿಗೆ ನೀರು ಹೋಗುವ ಮೂತಿಯನ್ನೂ ಇಟ್ಟಿದ್ದರು.

"ಇದು ಎಂತಕ್ಕೆ ಮಾರಾಯ್ರೆ?" ಎಂದು ಐತಾಳ ಸರ್ ಕೇಳಿದರು.

"ಅಭಿಷೇಕದ ನೀರು ಹೋಗುವುದು ಬೇಡವಾ?" ಎಂದರು ಶಿಲ್ಪಿ. "ಯಾವ ದೇವರು ಕೂರುವುದು ಅಂತ ನೀವು ಹೇಳ್ಲಿಲ್ಲ. ಹಾಗೆ ಎಲ್ಲರಿಗೂ ಆಗುವ ಹಾಗೆ ಮಾಡಿದೆ."

ಅತ್ತೆಯವರಿಗೆ ಆ ಉತ್ತರ ಬಹಳ ಹಿಡಿಸಿತು. ನನಗೆ ಆ ತೋಡು ಹಿಡಿಸಿತು. ಪೆನ್ಸಿಲು ಉರುಳಿ ಬೀಳುವುದು ಅಂದಿಗೆ ನಿಂತಿತು.

ಊರಿನವರಿಗೆ ನಮ್ಮ ಮನೆಯಲ್ಲಿ ದೂರದರ್ಶಕ ಬಂದಿದೆ ಎಂದೇ ಸುದ್ದಿ. ಮಗಳ ಜಾತಕ ಹಿಡಿದುಕೊಂಡು ಬಂದವರಿದ್ದರು. ಗುರು ಎಲ್ಲಿಗೆ ತಲುಪಿದ್ದಾನೆ ನೋಡಿ ಹೇಳಿ ಎನ್ನುವುದು. ನನ್ನ ತವರು ಕಾಪು, ಕಡಲ ದಂಡೆಯಲ್ಲಿ ದೀಪಸ್ತಂಭ ಇರುವ ಊರು. ಅಪ್ಪನಿಗೆ ಅಷ್ಟು ದೂರದ ಗುಡ್ಡದಲ್ಲಿ ದೂರದರ್ಶಕ ಇಟ್ಟದ್ದೇ ದೊಡ್ಡ ತಪ್ಪೆಂದು ಕಂಡಿತ್ತು. ನಮ್ಮ ದೀಪಸ್ತಂಭದ ಮೇಲೆ ಇಡಬಹುದಿತ್ತಲ್ಲ, ಕಟ್ಟಡ ಹೇಗೂ ಉಂಟು, ಹತ್ತಲು ಮೆಟ್ಟಿಲೂ ಉಂಟು ಎಂದು ಐತಾಳ ಸರ್‌ಗೆ ಬುದ್ಧಿ ಹೇಳಿದರು. ಸಮುದ್ರದ ಹಸಿಗಾಳಿಗೆ ಕನ್ನಡಿ ಮಂಕಾಗುತ್ತದೆ, ದೀಪದ ಬೆಳಕು ಆಕಾಶವನ್ನೇ ಬೆಳಗುತ್ತದೆ ಎಂದು ಅವರು ತಾಳ್ಮೆಯಿಂದ ಹೇಳಿದರು. ಹಾಗಾದರೆ ದೀಪವನ್ನು ಸ್ವಲ್ಪ ಹೊತ್ತು ನಂದಿಸಲಿ ಎಂದರು ಅಪ್ಪ. ದೋಣಿಯವರ ಗತಿ ಎಂತ ಎಂದು ಐತಾಳ ಸರ್ ಕೇಳಿದ್ದಕ್ಕೆ ಅಪ್ಪನ ಉತ್ತರ, ಅವರಿಗೆ ನಕ್ಷತ್ರ ಉಂಟಲ್ಲ.

ಇಷ್ಟು ಹೇಳಿದ ಮೇಲೆ ತಪ್ಪುಗಳಿಗೆ ಬರುತ್ತೇನೆ. ಮೊದಲನೆಯದು ಐತಾಳ ಸರ್ ಅವರದ್ದು. ಒಂದು ಪ್ಲೇಟಿನಲ್ಲಿ ಹೊಸ ಚುಕ್ಕೆ ಕಂಡು, ನಕ್ಷತ್ರವೊಂದು ಸಿಡಿದಿದೆ ಎಂದು ಗುಡ್ಡಕ್ಕೆ ಬರೆದರು. ಗೆಲಾಕ್ಸಿಯಲ್ಲಿ ಹಾಗೆ ನಕ್ಷತ್ರ ಸಿಡಿದರೆ ಬೇಗ ನೋಡಬೇಕು, ಕೆಲವೇ ವಾರಗಳಲ್ಲಿ ಅದು ಮಂಕಾಗುತ್ತದೆ. ಗುಡ್ಡದವರು ಬೇರೆಯವರ ಕೆಲಸ ನಿಲ್ಲಿಸಿ ದೂರದರ್ಶಕ ತಿರುಗಿಸಿದರು. ಅಲ್ಲಿ ಏನೂ ಇರಲಿಲ್ಲ. ಪಕ್ಕದ ಒಂದು ಪ್ರಕಾಶಮಾನವಾದ ನಕ್ಷತ್ರದ ಬೆಳಕು ದೂರದರ್ಶಕದ ಒಳಗೇ ಪ್ರತಿಫಲಿಸಿ ಪ್ಲೇಟಿನ ಮೇಲೆ ಸುಳ್ಳು ಚುಕ್ಕೆಯಾಗಿತ್ತು. ಎರಡೇ ಸಾಲಿನ ಕಾಗದ ಬಂತು. ಎರಡನೆಯ ಸಾಲು, ಮುಂದಿನ ಬಾರಿ ಖಚಿತವಾದ ಮೇಲೆ ತಿಳಿಸಿ, ಎಂದು. ಬಯ್ದಿದ್ದರೆ ವಾಸಿಯಿತ್ತು. ಇನ್ನೊಮ್ಮೆ ಹೀಗಾದರೆ ಪ್ಲೇಟು ಬರುವುದು ನಿಲ್ಲುತ್ತದೆ ಎಂದು ಅವರಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ಅಷ್ಟು ಹೊತ್ತಿಗೆ ನನಗೆ ಆ ಚಾವಡಿಯ ಮೂಲೆ ಬಿಟ್ಟು ಹೇಗೆ ಇರುವುದು ಎಂದು ತಿಳಿಯದ ಹಾಗೆ ಆಗಿತ್ತು.

ಎರಡನೆಯ ತಪ್ಪು ನನ್ನದು.

ನಮ್ಮ ಕಡೆ ಹೊಸ ಭತ್ತ ಬಂದಾಗ ಕದಿರು ಕಟ್ಟುವ ಪದ್ಧತಿ ಉಂಟು. ಭತ್ತದ ತೆನೆಯನ್ನು ಮಾವು, ಹಲಸು, ಬಿದಿರಿನ ಎಲೆಗಳಲ್ಲಿ ಸುತ್ತಿ, ನಾರಿನಿಂದ ಬಿಗಿದು, ಮನೆಗೆ ಅನ್ನ ಕೊಡುವ ವಸ್ತುಗಳಿಗೆಲ್ಲ ಕಟ್ಟುವುದು. ಅಕ್ಕಿ ಮುಡಿಗೆ, ಬಾವಿಯ ರಾಟೆಗೆ, ಕಡೆಯುವ ಕಲ್ಲಿಗೆ, ಯಜಮಾನರ ಸೈಕಲ್ಲಿಗೆ. ಅತ್ತೆ ಎಲೆ ಸುತ್ತಿ ಸುತ್ತಿ ಕೊಡುವುದು, ನಾನು ಕಟ್ಟುತ್ತಾ ಹೋಗುವುದು. ಆ ವರ್ಷ ಕೊನೆಯದಾಗಿ ಕೈಯಲ್ಲಿ ಒಂದು ಕದಿರು ಉಳಿಯಿತು. ಇದು ಎಲ್ಲಿಗೆ ಎಂದು ಕೇಳಿದೆ.

"ನಿನ್ನ ಪೆಟ್ಟಿಗೆಗೆ" ಎಂದರು ಅತ್ತೆ, ತಲೆ ಎತ್ತದೆ. "ಅದೂ ಅನ್ನ ಕೊಡುವುದೇ ಅಲ್ವಾ?"

ಆರು ವರ್ಷ ಅವರು ನನ್ನ ಕೆಲಸಕ್ಕೆ ಹೆಸರೇ ಇಟ್ಟಿರಲಿಲ್ಲ. ಯಾರಾದರೂ ಕೇಳಿದರೆ, ಅವಳು ಒಳಗೆ ಕೂತಿದ್ದಾಳೆ, ಎನ್ನುತ್ತಿದ್ದರು. ನನಗೆ ಕಣ್ಣು ಒದ್ದೆಯಾಯಿತು. ಒದ್ದೆ ಕಣ್ಣಿನಲ್ಲಿಯೇ ಪೆಟ್ಟಿಗೆಗೆ ಕದಿರು ಕಟ್ಟಿದೆ. ಪೆಟ್ಟಿಗೆಗೆ ಹಿಡಿಕೆ ಇರಲಿಲ್ಲ, ಆದ್ದರಿಂದ ನಾರನ್ನು ಮುಚ್ಚಳದ ಅಡಿಯಿಂದ ತೂರಿಸಿ ಗಂಟು ಹಾಕಿದೆ. ಅಲಂಕಾರ ಚಂದ ಕಂಡಿತು. ಮುಚ್ಚಳ ಒಂದು ನೂಲೆಳೆಯಷ್ಟು ಎದ್ದು ನಿಂತದ್ದು ಕಾಣಲಿಲ್ಲ. ಸಣ್ಣದನ್ನು ಕಾಣುವುದೇ ನನ್ನ ಕೆಲಸ ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಬಹುದು.

ಸುಮಾರು ಹದಿನೈದು ದಿನ ಕಳೆದು, ಒಂದು ಬೆಳಿಗ್ಗೆ ಹೊಸದಾಗಿ ಬಂದ ಪ್ಲೇಟನ್ನು ಪೆಟ್ಟಿಗೆಯಲ್ಲಿದ್ದ ಹಳೆಯದರ ಪಕ್ಕ ಇಟ್ಟು ಸನ್ನೆ ಎಳೆದೆ. ಬಿಟ್ಟೆ. ಎಳೆದೆ. ಒಂದು ಗೆಲಾಕ್ಸಿಯ ಅಂಚಿನಲ್ಲಿ ಒಂದು ಚುಕ್ಕೆ ಮಿಟುಕಿತು. ಹೊಸ ಪ್ಲೇಟಿನಲ್ಲಿ ಉಂಟು, ಹಳೆಯದರಲ್ಲಿ ಇಲ್ಲ. ಗುಂಡಗೆ, ಅಂಚು ಮೆತ್ತಗೆ, ಸುತ್ತಲಿನ ನಕ್ಷತ್ರಗಳದ್ದೇ ಬಗೆ. ಬಸಳೆ ನೋಡಿ ಬಂದೆ, ಮತ್ತೆ ನೋಡಿದೆ. ಮಿಟುಕುತ್ತಲೇ ಇತ್ತು.

ಐತಾಳ ಸರ್ ಊಟಕ್ಕೆ ಮನೆಗೆ ಬಂದವರು ಎಲೆ ಬಿಟ್ಟು ಎದ್ದು ಬಂದರು. ಬೆರಳಲ್ಲಿ ಸಾರಿನ ಪಸೆ ಇತ್ತು, ಕೈ ತೊಳೆಯದೆ ಮುಟ್ಟಬಾರದು ಎಂದು ನಾನೇ ಹೇಳಬೇಕಾಯಿತು. ಪ್ರತಿಫಲನ ಇರಬಹುದೇ ಎಂದು ಅಳೆದರು, ಲೆಕ್ಕ ಹಾಕಿದರು. ಅಲ್ಲ. ಆ ಭಾಗದ ಎರಡೇ ಪ್ಲೇಟು ನಮ್ಮಲ್ಲಿ ಇದ್ದದ್ದು, ಮೂರನೆಯದನ್ನು ನೋಡೋಣವೆಂದರೆ ಗುಡ್ಡದಲ್ಲಿಯೇ. ಕಾಗದ ಬರೆದು ಕಾಯುವಷ್ಟು ಪುರುಸೊತ್ತು ಇಲ್ಲ. ಅವರು ನನ್ನ ಮುಖ ನೋಡಿದರು.

"ನಿಮಗೆ ಖಚಿತವಾ ವಾರಿಜಮ್ಮ?"

"ಚುಕ್ಕೆ ಅಲ್ಲಿ ಉಂಟು ಸರ್. ಅದು ಖಚಿತ."

ಅವರು ನೇರವಾಗಿ ತಂತಿ ಕಚೇರಿಗೆ ಹೋದರು. ಸಂಜೆ ಯಜಮಾನರು ಬಂದಾಗ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಬೇರೆಯವರ ತಂತಿಯ ವಿಷಯ ಅವರು ಮನೆಯ ಹೊಸ್ತಿಲಿನ ಒಳಗೆ ತಂದವರೇ ಅಲ್ಲ. ನನ್ನ ಅಜ್ಜಿ ತೀರಿಕೊಂಡ ತಂತಿಯನ್ನು ತಾವೇ ಬರೆದುಕೊಂಡು, ಹಂಚುವವರು ಬಂದು ಬಾಗಿಲು ಬಡಿಯುವವರೆಗೆ ಸುಮ್ಮನೆ ಕುಳಿತಿದ್ದವರು ಅವರು.

ಮರುದಿನ ಬೆಳಿಗ್ಗೆ ಆ ಪ್ಲೇಟುಗಳನ್ನು ಒಳಗಿಡಲು ಎತ್ತಿದೆ. ನಮ್ಮ ಮಾಡಿನಲ್ಲಿ ಬೆಳಕಿಗೆಂದು ಒಂದು ಗಾಜಿನ ಹಂಚು ಇತ್ತು. ಅದರಿಂದ ಒಂಬತ್ತು ಗಂಟೆಗೆ ಒಂದು ಬಿಸಿಲ ಕೋಲು ಚಾವಡಿಗೆ ಓರೆಯಾಗಿ ಬೀಳುತ್ತದೆ. ಹಳೆಯ ಪ್ಲೇಟು ಆ ಕೋಲನ್ನು ದಾಟುವಾಗ ಔಷಧದ ಮೈ ಹೊಳೆಯಿತು, ಒಂದು ಕಡೆ ಬಿಟ್ಟು. ಗೆಲಾಕ್ಸಿಯ ಅಂಚಿನಲ್ಲಿ, ಎಳ್ಳಿನ ಕಾಳಿನಷ್ಟು ಜಾಗದಲ್ಲಿ, ಹೊಳಪಿಲ್ಲ. ಅಂಚು ಹಲ್ಲುಹಲ್ಲಾಗಿತ್ತು.

ನಾನು ಓದಿದ ಕಾನ್ವೆಂಟಿನಲ್ಲಿ ಕಸೂತಿ ಕಲಿಸುವ ಸಿಸ್ಟರ್ ಒಬ್ಬರಿದ್ದರು. ಎಷ್ಟೇ ಚಂದದ ಹೂವು ಹಾಕಿ ತೋರಿಸಿದರೂ ಅವರು ಹೂವನ್ನು ನೋಡುತ್ತಲೇ ಇರಲಿಲ್ಲ. ಬಟ್ಟೆಯನ್ನು ಮಗುಚಿ ಹಿಂದೆ ನೋಡುತ್ತಿದ್ದರು. ಗಂಟು, ಜಿಗಿತ, ಕಳ್ಳತನ ಎಲ್ಲ ಅಲ್ಲಿಯೇ ಇರುವುದು ಎನ್ನುತ್ತಿದ್ದರು. ನಾನು ಹಿಂದಿನ ದಿನ ಪ್ಲೇಟನ್ನು ಹತ್ತು ಸಲ ಯಂತ್ರದಲ್ಲಿ, ಅಡಿಯಿಂದ ಬರುವ ದೀಪದಲ್ಲಿ ನೋಡಿದ್ದೆ. ಒಮ್ಮೆಯೂ ಓರೆ ಹಿಡಿದು ಮೈ ನೋಡಲಿಲ್ಲ.

ಪೆಟ್ಟಿಗೆಯ ಮುಚ್ಚಳ ಎತ್ತಿದೆ. ಕದಿರಿನ ಹಲಸಿನ ಎಲೆಯ ಮಡಿಕೆಯಿಂದ ಒಂದು ಜಿರಳೆ ಮರಿ ಹೊರಗೆ ಬಂದು, ಮೀಸೆ ಆಡಿಸಿ, ಮತ್ತೆ ಒಳಗೆ ಹೋಯಿತು. ತನ್ನ ಮನೆಯ ಹಾಗೆ.

ಅಂದರೆ ಹೊಸ ನಕ್ಷತ್ರ ಹುಟ್ಟಿರಲಿಲ್ಲ. ಅದು ಮೊದಲಿಂದಲೂ ಅಲ್ಲಿ ಇದ್ದ ನಕ್ಷತ್ರ. ಹಳೆಯ ಪ್ಲೇಟಿನಿಂದ ಅದನ್ನು ತಿಂದು ಹಾಕಿದ್ದು, ಅಷ್ಟೆ. ನಾನು ಚಾವಡಿಯ ನೆಲದಲ್ಲಿ ಕುಳಿತು ಅತ್ತುಬಿಟ್ಟೆ. ಐತಾಳ ಸರ್ ಅವರ ಹೆಸರು ಹೋಯಿತು, ಪ್ಲೇಟು ಹೋಯಿತು, ಇನ್ನು ನಾನು ಯಾವ ಮೂಲೆಯಲ್ಲಿ ಕೂರುವುದು? ಅತ್ತೆಯವರು ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದರು.

"ನಕ್ಷತ್ರವನ್ನು ಜಿರಳೆ ತಿಂದಿದೆ" ಎಂದೆ.

ಅವರು ಸೌಟನ್ನು ಮಾಡಿನ ಕಡೆಗೆ ಎತ್ತಿದರು. "ಮೇಲಿನದ್ದಾ, ಪ್ಲೇಟಿನದ್ದಾ?"

"ಪ್ಲೇಟಿನದ್ದು."

"ಹಾಗಾದರೆ ಮೇಲಿನದ್ದು ಅಲ್ಲಿಯೇ ಉಂಟಲ್ಲ. ಅಳುವುದು ಎಂತಕ್ಕೆ? ಹೋಗು, ಹೇಳಿ ಬಾ. ಗಂಜಿಗೆ ನಾನು ನೋಡ್ತೇನೆ."

ಸೀರೆ ಬದಲಿಸದೆ ಹೊರಟೆ. ತಂತಿ ಕಚೇರಿಯಲ್ಲಿ ಸಾಲಿತ್ತು. ನನ್ನ ಸರದಿ ಬಂದಾಗ ಯಜಮಾನರು ಕನ್ನಡಕದ ಮೇಲಿಂದ ನೋಡಿ, "ಎಂತ ಬೇಕಿತ್ತು?" ಎಂದರು.

"ಐತಾಳ ಸರ್ ನಿನ್ನೆ ಕೊಟ್ಟ ತಂತಿ ಹೋಯ್ತಾ?"

"ಕೊಟ್ಟವರು ಯಾರು, ಹೋಯ್ತಾ ಇಲ್ವಾ, ಅದೆಲ್ಲ ಕೊಟ್ಟವರಿಗೆ ಮಾತ್ರ ಹೇಳ್ಲಿಕ್ಕೆ."

"ನಾನು ನಿಮ್ಮ ಹೆಂಡತಿ."

"ಅದಕ್ಕೆ ಬೇರೆ ಕೌಂಟರ್ ಇಲ್ಲ ಮಾರಾಯ್ತಿ. ಹಿಂದೆ ಜನ ಉಂಟು, ಸ್ವಲ್ಪ ಬದಿಗೆ ನಿಲ್ಲು."

ನನ್ನ ಹಿಂದೆ ನಿಂತಿದ್ದ ಮಲ್ಪೆಯ ಮೀನಿನ ವ್ಯಾಪಾರಿಯೊಬ್ಬರು, "ಪಾಪ, ಹೇಳಿ ಮಾರಾಯ್ರೆ, ಮನೆಯವರಲ್ವಾ" ಎಂದರು. ಯಜಮಾನರು ಅವರ ಫಾರ್ಮಿಗಾಗಿ ಕೈ ಚಾಚಿದರು.

ಕಾಲೇಜಿಗೆ ಓಡಿದೆ. ಐತಾಳ ಸರ್ ಪಾಠ ಮಾಡುತ್ತಿದ್ದರು. ಬಾಗಿಲಿನಲ್ಲಿ ನನ್ನನ್ನು ಕಂಡು ಶುಭವಾರ್ತೆ ಎಂದುಕೊಂಡು, ಬನ್ನಿ ಬನ್ನಿ ಎಂದು ಇಡೀ ಕ್ಲಾಸಿನ ಎದುರು ಕರೆದರು. ನಾನು ಹೊರಗೆ ಬನ್ನಿ ಎಂದೆ. ಹೊರಗೆ ಎಲ್ಲವನ್ನೂ ಹೇಳಿದೆ: ನಾರು, ಮುಚ್ಚಳ, ಎಲೆ, ಮೀಸೆ. ಅವರ ಕೈಯಲ್ಲಿ ಸೀಮೆಸುಣ್ಣ ಇತ್ತು. ಅದನ್ನು ಮುರಿದು, ಮುರಿದ ತುಂಡನ್ನು ಮತ್ತೆ ಮುರಿದರು. ಬಯ್ಯಲಿಲ್ಲ. ಛತ್ರಿಯನ್ನು ಅಲ್ಲಿಯೇ ಮರೆತು ನಡೆದರು, ನಾನು ಹಿಂದಿನಿಂದ.

ಈ ಸಲ ಕೇಳಿದ್ದು ತಂತಿ ಕೊಟ್ಟವರೇ ಆದ್ದರಿಂದ ಯಜಮಾನರು ಎದ್ದು ನಿಂತು ಉತ್ತರಿಸಿದರು. ಮುಖ ಮಾತ್ರ ಗಂಟು.

"ನಿಮ್ಮ ತಂತಿ ಹೋಗ್ಲಿಲ್ಲ ಸರ್. ಅದರಲ್ಲಿ ಮಾತೇ ಇಲ್ಲ, ಐದೈದು ಅಂಕೆ, ಐದೈದು ಅಂಕೆ. ಅರ್ಥ ಆಗದ ತಂತಿಯನ್ನು ಮೇಲಿನವರಿಗೆ ತೋರಿಸದೆ ನಾನು ಕಳಿಸುವುದಿಲ್ಲ. ಅವರು ಕಾರ್ಕಳಕ್ಕೆ ಮದುವೆಗೆ ಹೋಗಿದ್ದಾರೆ, ಹನ್ನೊಂದು ಗಂಟೆಯ ಬಸ್ಸಿಗೆ ಬರ್ತಾರೆ. ನೆರೆಕರೆಯವರು ಅಂತ ನಾನು ಬಿಡುವುದಿಲ್ಲ. ಬೇಸರ ಮಾಡ್ಬೇಡಿ."

ಸಿಡಿದ ನಕ್ಷತ್ರದ ಜಾಗ, ಹೊತ್ತು, ಹೊಳಪು ಎಲ್ಲವನ್ನೂ ಹಾಗೆ ಅಂಕೆಯ ಗುಂಪುಗಳಲ್ಲಿ ಕಳಿಸುವುದು ನಮ್ಮವರ ಕ್ರಮ. ಯಜಮಾನರು ಅದನ್ನು ಗೂಢಚಾರಿಕೆ ಎಂದುಕೊಂಡಿದ್ದರು. ಹಾಗೆಂದು ಇಡೀ ರಾತ್ರಿ ನನ್ನ ಪಕ್ಕದಲ್ಲಿ ಮಲಗಿ ಒಂದು ಮಾತು ಆಡಿರಲಿಲ್ಲ. ಅಂಥ ನಿಯಮ ನಿಜವಾಗಿ ಇತ್ತೋ, ಅವರೇ ಮಾಡಿಕೊಂಡದ್ದೋ ನನಗೆ ಇಂದಿಗೂ ಗೊತ್ತಿಲ್ಲ. ಗೋಡೆಯ ಗಡಿಯಾರದಲ್ಲಿ ಹನ್ನೊಂದಕ್ಕೆ ಹತ್ತು ನಿಮಿಷ ಇತ್ತು.

ಐತಾಳ ಸರ್ ಕೌಂಟರಿನ ಸರಳುಗಳ ಒಳಗೆ ಎರಡೂ ಕೈ ತೂರಿಸಿ ಅವರ ಕೈ ಹಿಡಿದುಕೊಂಡರು. "ನಿಮ್ಮಂಥವರು ಇರ್ಬೇಕು" ಎಂದರು. ಯಜಮಾನರು ಅದನ್ನು ಕೊಂಕು ಎಂದುಕೊಂಡು ಒಂದು ವಾರ ಅವರೊಡನೆ ಮಾತು ಬಿಟ್ಟರು.

ಫಾರ್ಮು ವಾಪಸು ಪಡೆದು ಹೊರಗೆ ಬಂದೆವು. ಪೆಟ್ಟಿಗೆ, ಯಂತ್ರ ಎಲ್ಲ ಸಂಜೆಯೊಳಗೆ ಕಾಲೇಜಿಗೆ ಕಳಿಸುತ್ತೇನೆ ಎಂದೆ. ಕಲ್ಲಿಗೆ ಮಾತ್ರ ನಾಲ್ಕು ಜನ ಬೇಕು. ಅವರು ಸ್ವಲ್ಪ ದೂರ ನಡೆದ ಮೇಲೆ, ಗುಡ್ಡಕ್ಕೆ ನೀವೇ ಬರೆಯಿರಿ, ಆದದ್ದನ್ನು ಆದ ಹಾಗೆ, ಎಂದರು.

ಕದಿರು, ಮುಚ್ಚಳ ಎಲ್ಲವನ್ನೂ ಸೇರಿಸಿ ಕಾನ್ವೆಂಟಿನ ಇಂಗ್ಲಿಷಿನಲ್ಲಿ ಎರಡು ಪುಟ ಬರೆದೆ. ಜಿರಳೆ ಎಂದು ನೇರವಾಗಿ ಬರೆಯಲು ಸಂಕೋಚವಾಗಿ ಮೊದಲು ಗೃಹವಾಸಿ ಕೀಟ ಎಂಬಂತೆ ಏನೋ ಬರೆದೆ, ಆಮೇಲೆ ಹೊಡೆದು ಹಾಕಿ ಜಿರಳೆಯನ್ನೇ ಹಾಕಿದೆ. ಪ್ಲೇಟನ್ನು ಓರೆ ಬಿಸಿಲಿನಲ್ಲಿ ಹೇಗೆ ಹಿಡಿಯಬೇಕು ಎಂದು ಪೆನ್ಸಿಲಿನಲ್ಲಿ ಒಂದು ಚಿತ್ರವನ್ನೂ ಮಾಡಿದೆ. ಉತ್ತರ ಬರುವವರೆಗೆ ಚಾವಡಿಯಲ್ಲಿ ಖಾಲಿ ಕಲ್ಲು ಮಾತ್ರ ಇತ್ತು. ಅತ್ತೆ ಅದರ ಮೇಲೆ ಸಂಡಿಗೆ ಒಣಗಿಸಿದರು.

ಬಂದ ಕಾಗದ ಎರಡು ಸಾಲಿನದ್ದಾಗಿರಲಿಲ್ಲ. ಮೂರನೆಯ ಪ್ಲೇಟಿನಲ್ಲಿ ಆ ನಕ್ಷತ್ರ ಇದ್ದೇ ಇತ್ತಂತೆ. ಅಷ್ಟಕ್ಕೇ ಬಿಡದೆ, ನನ್ನ ಚಿತ್ರದ ಹಾಗೆ ತಮ್ಮ ಅಲಮಾರಿಯ ಪ್ಲೇಟುಗಳನ್ನೂ ಓರೆ ಹಿಡಿದು ನೋಡಿದರಂತೆ. ಅಲ್ಲಿಯೂ ಮೂರು ಕಡೆ ಹಲ್ಲಿನ ಗುರುತು. ಅವುಗಳಲ್ಲಿ ಒಂದನ್ನು ಆಧರಿಸಿ ಅವರದ್ದೇ ಒಬ್ಬರು ಒಂದು ನಕ್ಷತ್ರ ಮಾಯವಾದ ಬಗ್ಗೆ ದೊಡ್ಡ ಲೇಖನ ಬರೆಯುತ್ತಿದ್ದರಂತೆ. ಅದು ನಿಂತಿತು. ಇನ್ನು ಮೇಲೆ ಪ್ರತಿಯೊಂದು ಪ್ಲೇಟಿಗೂ ಮೊದಲು ಈ ಪರೀಕ್ಷೆ ಮಾಡತಕ್ಕದ್ದು ಎಂದು ನಿಯಮ ಮಾಡಿದ್ದೇವೆ, ಎಂದು ಬರೆದಿದ್ದರು. ಹೊಸ ಪ್ಲೇಟುಗಳ ಪಾರ್ಸೆಲು ಜೊತೆಯಲ್ಲೇ ಇತ್ತು.

ಪ್ರಿನ್ಸಿಪಾಲರು ಬಿಡಲಿಲ್ಲ. ಪ್ಲೇಟು ಇನ್ನು ಕಾಲೇಜಿನಲ್ಲಿಯೇ ಇರಲಿ ಎಂದರು. ಐತಾಳ ಸರ್, ಜಿರಳೆ ಕಾಲೇಜಿಗೂ ಬರುತ್ತದೆ ಸರ್, ಅದು ತಿಂದದ್ದನ್ನು ಕಾಣುವವರು ಅಲ್ಲಿ ಯಾರು ಎಂದು ಕೇಳಿದರಂತೆ. ಸಂಡಿಗೆಯನ್ನು ಕಲ್ಲಿನಿಂದ ಎಬ್ಬಿಸಿದೆವು.

ಆಮೇಲೆ ಏಳು ವರ್ಷ ಅಲ್ಲಿಯೇ ಕುಳಿತೆ. ಸಿಡಿದ ನಕ್ಷತ್ರ ಒಂದೂ ಸಿಗಲಿಲ್ಲ. ದಪ್ಪವಾಗಿ ಸಣ್ಣಗಾಗುವ ನಕ್ಷತ್ರಗಳು ಕೆಲವು ಸಿಕ್ಕವು, ಅವಕ್ಕೆ ಅಂಕೆಗಳೇ ಹೆಸರು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಪ್ಲೇಟು ಬರುವುದು ಕಡಿಮೆಯಾಯಿತು. ಗುಡ್ಡದಲ್ಲಿ ಗಾಜಿನ ಬದಲು ಒಂದು ಎಲೆಕ್ಟ್ರಾನಿಕ್ ಬಿಲ್ಲೆ ಬಂತು. ಅದು ಬೆಳಕನ್ನು ಪ್ಲೇಟಿಗಿಂತ ಹತ್ತಾರು ಪಾಲು ಚೆನ್ನಾಗಿ ಹಿಡಿಯುತ್ತದಂತೆ, ಜಿರಳೆಗೂ ರುಚಿಸುವುದಿಲ್ಲ. ಕೊನೆಯ ಪೆಟ್ಟಿಗೆಯನ್ನು ಪಾರ್ಸೆಲಿನಲ್ಲಿ ಕಳಿಸುವುದು ಬೇಡ, ನೀವೇ ತಂದು ಕೊಡಿ, ಒಮ್ಮೆ ನೋಡಿದ ಹಾಗೂ ಆಯಿತು ಎಂದು ಅಲ್ಲಿಂದ ಕಾಗದ ಬಂತು. ಯಜಮಾನರು ರಜೆ ಹಾಕಿದರು. ಹೊರಡುವಾಗ ಅತ್ತೆ ಒಂದು ಕದಿರು ಸುತ್ತಿ ಕೈಗೆ ಕೊಟ್ಟರು. ಅವರಿಗೆ ಆಗ ಕಣ್ಣು ಮಂಜು, ಎಲೆ ಮಾತ್ರ ಮೊದಲಿನ ಹಾಗೆಯೇ ಬಿಗಿ.

ಮಧ್ಯಾಹ್ನ ಮೂರು ಗಂಟೆ. ಗುಮ್ಮಟದ ಒಳಗೆ ತಂಪಾಗಿ, ಎಣ್ಣೆಯ ವಾಸನೆಯೊಡನೆ, ದೂರದರ್ಶಕ ಮಲಗಿದ ಆನೆಯ ಹಾಗೆ ಇತ್ತು. ಕನ್ನಡಿಯ ಮೇಲೆ ಮುಚ್ಚಳ ಇತ್ತು. ಕಣ್ಣಿಡುವ ಜಾಗ ಎಲ್ಲಿ ಎಂದು ಯಜಮಾನರು ಕೇಳಿದರು, ಹದಿಮೂರು ವರ್ಷ ಆದ ಮೇಲೂ. ಅದನ್ನು ನಡೆಸುವ ವಯಸ್ಸಾದ ತಮಿಳರೊಬ್ಬರು, ಹೊಸ ಬಿಲ್ಲೆ ಕೂರಿಸಿದ, ತಂತಿ ಸುತ್ತಿದ ಒಂದು ಡಬ್ಬ ತೋರಿಸಿ ನಕ್ಕರು.

ನಾನು ಸಂಕೋಚಪಡುತ್ತಾ ಚೀಲದಿಂದ ಕದಿರು ತೆಗೆದೆ. ನಮ್ಮ ಅತ್ತೆ ಕೊಟ್ಟದ್ದು, ಅನ್ನ ಕೊಡುವ ವಸ್ತುವಿಗೆ ಕಟ್ಟುವ ಕ್ರಮ, ಇಲ್ಲಿ ಎಲ್ಲಾದರೂ ಕಟ್ಟಬಹುದೇ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅವರು ಕದಿರನ್ನು ನೋಡಿದರು, ನನ್ನ ಕೈಯ ಪೆಟ್ಟಿಗೆಯನ್ನು ನೋಡಿದರು, ಪೆಟ್ಟಿಗೆಯ ಮೇಲೆ ಬರೆದ ಊರಿನ ಹೆಸರನ್ನು ಓದಿದರು.

"ಓ, ಉಡುಪಿಯ ಅಮ್ಮ ನೀವೇನಾ" ಎಂದರು. "ಕಟ್ಟಿ ಅಮ್ಮ, ಎಲ್ಲಿ ಬೇಕಾದರೂ ಕಟ್ಟಿ. ಮುಚ್ಚಳಕ್ಕೆ ಮಾತ್ರ ಬೇಡ."